ಉಪ್ಪುಗಾಳಿಯ ಊರಿನಲ್ಲಿ ಪದ್ಮಿನಿ

ಕುಂದಾಪುರದಿಂದ ಬೈಂದೂರಿನತ್ತ ಹೊರಟರೆ ನಡುವೆ ಸಿಗುವ ಮರವಂತೆಯಲ್ಲಿ ಹೆದ್ದಾರಿಯ ಎಡಕ್ಕೆ ಅರಬ್ಬೀ ಸಮುದ್ರ, ಬಲಕ್ಕೆ ಸೌಪರ್ಣಿಕಾ ನದಿ. ಬಸ್ಸಿನ ಕಿಟಕಿಯಿಂದ ನೋಡಿ ಹೋಗುವವರಿಗೆ ಇದು ಸ್ವರ್ಗ. ಇಲ್ಲಿ ಕಾರು ಇಟ್ಟುಕೊಂಡವರನ್ನು ಕೇಳಿ ನೋಡಿ! ಕಿಟಕಿಯ ಸರಳು, ಬಾವಿಯ ರಾಟೆ, ಸೈಕಲ್ಲಿನ ಚೈನು, ಉಪ್ಪುಗಾಳಿ ಯಾವುದನ್ನೂ ಬಿಡುವುದಿಲ್ಲ.

ನನ್ನ ಭಾವನವರ ಮನೆ ಅಲ್ಲೇ, ಕಡಲಿಗೆ ಕೂಗಳತೆಯಲ್ಲಿ. 2024ರ ಏಪ್ರಿಲ್‌ನಲ್ಲಿ ಹೋದಾಗ ಅವರ ತಂದೆ ಕೊಂಡಿದ್ದ 1984ರ ಪ್ರೀಮಿಯರ್ ಪದ್ಮಿನಿ ಅಂಗಳದಲ್ಲಿ ಚಕ್ರ ಕಳಚಿಕೊಂಡು ಮರದ ದಿಮ್ಮಿಗಳ ಮೇಲೆ ಕೂತಿತ್ತು. ಹದಿನೈದು ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಆ ಸರದಿ ಜೂನ್‌ನಲ್ಲಿ ಬರಲಿತ್ತು, ಮಳೆಯ ಜೊತೆಗೇ. ಹಿಂದೆ ಒಂದು ಗ್ಯಾರೇಜಿನವರು ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದು ಕೊಟ್ಟಿದ್ದರಂತೆ. ಒಂದೇ ಮಳೆಗಾಲಕ್ಕೆ ಅದು ಹಪ್ಪಳದಂತೆ ಉಬ್ಬಿತ್ತು.

"ಮಾರಿಬಿಡಿ ಭಾವ" ಎಂದೆ.

"ಯಾರು ತಗೊಳ್ತಾರೆ ಮಾರಾಯ್ರೆ? ಗುಜರಿಯವ ಕೆ.ಜಿ. ಲೆಕ್ಕ ಹಾಕ್ತಾನೆ."

ಅವರು ಸ್ಕ್ರೂಡ್ರೈವರಿನಿಂದ ಚುಚ್ಚುತ್ತ ಹೋದರು. ಗಟ್ಟಿ ತಗಡು ಠಣ್ ಎಂದಿತು. ತುಕ್ಕು ತಿಂದದ್ದು ಬಿಸ್ಕತ್ತಿನಂತೆ ಮುರಿಯಿತು. ಬಾಗಿಲಿನೊಳಗೆ ಇಳಿದ ನೀರು ಹೊರಹೋಗಲು ಅಡಿಯಲ್ಲಿ ಸಣ್ಣ ತೂತುಗಳಿರುತ್ತವೆ. ಅವು ಧೂಳು, ಕಸ ಕಟ್ಟಿ ಮುಚ್ಚಿದ್ದವು. ನಿಂತ ನೀರು ಒಳಗಿನಿಂದ ತಿನ್ನುತ್ತದೆ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗೆ ಏನೂ ಉಳಿದಿರುವುದಿಲ್ಲ. ಬಾಗಿಲ ಕೆಳಗಿನ ಉದ್ದನೆಯ ಪೆಟ್ಟಿಗೆಯೂ ಹಾಗೇ ಆಗಿತ್ತು. ಪದ್ಮಿನಿಗೆ ಬೇರೆ ಚಾಸಿಯಿಲ್ಲ, ಭಾರ ಹೊರುವುದು ಬಾಡಿಯೇ. ಹಾಗಾಗಿ ಅಲ್ಲಿ ಪುಟ್ಟಿಯ ಆಟ ನಡೆಯದು. ಗಂಗೊಳ್ಳಿಯಿಂದ ದೋಣಿ ಕೆಲಸದ ವೆಲ್ಡರ್ ಬಂದರು. ಬ್ಯಾಟರಿ, ಪೆಟ್ರೋಲ್ ಟ್ಯಾಂಕು ಬಿಚ್ಚಿ ದೂರವಿಡಿಸಿ, ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಕೂರಿಸಿದರು.

ಉಳಿದದ್ದು ನಮ್ಮ ಪಾಲು. ತಂತಿ ಬ್ರಷ್ಷು, 80ನೇ ನಂಬರಿನ ಎಮರಿ ಕಾಗದ, ಬೆಳ್ಳಿ ಬಣ್ಣ ಕಾಣುವ ತನಕ ಉಜ್ಜು. ಆಮೇಲೆ ಬಾವಿನೀರಿನಲ್ಲಿ ತೊಳೆಯಬೇಕು, ಉಪ್ಪು ಉಳಿದರೆ ಬಣ್ಣದಡಿಯಲ್ಲೇ ಮತ್ತೆ ಶುರು. ಒಣಗಿಸಿ ಅಂದೇ ರೆಡ್ ಆಕ್ಸೈಡ್ ಬಳಿಯಬೇಕು. ನಾನು ಒಂದು ಸಂಜೆ ಮಡ್‌ಗಾರ್ಡನ್ನು ಬರಿಮೈಯಲ್ಲೇ ಬಿಟ್ಟು ಸೂರ್ಯಾಸ್ತ ನೋಡಲು ಓಡಿದೆ. ಬೆಳಿಗ್ಗೆ ಅದರ ಮೇಲೆ ಹಳದಿ ಪೊರೆ!

"ಕಡಲು ನೋಡಿದ್ದು ನೀವು, ನೆಗಡಿ ಆದದ್ದು ಇದಕ್ಕೆ" ಎಂದು ಭಾವ ಎಮರಿ ಕಾಗದವನ್ನು ಮತ್ತೆ ನನ್ನ ಕೈಗೇ ಕೊಟ್ಟರು.

ಹೊಸ ಬಿಳಿಗೂ ಹಳೆಯ ಬಿಳಿಗೂ ಹೊಂದಲೇ ಇಲ್ಲ. ಆದರೂ ಜೂನ್‌ನಲ್ಲಿ ಕಾರು ಪರೀಕ್ಷೆ ಪಾಸಾಯಿತು. ಮುಂದಿನ ಸಲ ಹೋದಾಗ ಅದರಲ್ಲೇ ಮರವಂತೆಗೆ ಹೋದೆವು. ಭಾವ ಕಡಲ ಬದಿಗೆ ಕಾರು ನಿಲ್ಲಿಸಲು ಒಪ್ಪಲಿಲ್ಲ. ಅರ್ಧ ಮೈಲಿ ಮುಂದೆ ನಿಲ್ಲಿಸಿ, ಇಬ್ಬರೂ ನಡೆದು ಬಂದು ಕಡಲು ನೋಡಿದೆವು.