ಹಲ್ಲಿನ ಕಂದು ಗೆರೆ

ನನ್ನ ಭಾವಚಿತ್ರಗಳಲ್ಲಿ ಒಂದರಲ್ಲಿಯೂ ನಾನು ಬಾಯಿ ತೆರೆದು ನಕ್ಕಿಲ್ಲ. ಮದುವೆಯ ಪಟದಲ್ಲಿ ಕೂಡ ಪರೀಕ್ಷೆಯ ಕೊಠಡಿಯನ್ನು ಕಾಯುವವನಂತೆ ತುಟಿ ಬಿಗಿದು ನಿಂತಿದ್ದೇನೆ. ವಿದ್ಯಾರ್ಥಿಗಳು ನನ್ನನ್ನು ಗಂಭೀರ ಸ್ವಭಾವದವನೆಂದು ಭಾವಿಸಿದ್ದಾರೆ. ಅಧ್ಯಾಪಕನಿಗೆ ಅದರಿಂದ ಲಾಭವೇ ಹೊರತು ನಷ್ಟವಿಲ್ಲವಾದುದರಿಂದ ನಾನೂ ಅವರ ನಂಬಿಕೆಯನ್ನು ಕೆಡಿಸಲು ಹೋಗಿಲ್ಲ. ನಿಜವಾದ ಕಾರಣವೆಂದರೆ, ನನ್ನ ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡಲಾಗಿ ಕಂದು ಗೆರೆಗಳಿವೆ.

ನಮ್ಮದು ಕಂಪ್ಲಿಯ ಕಡೆಯ ಒಂದು ಹಳ್ಳಿ. ಕಂಪ್ಲಿ ಎಂದೊಡನೆ ಓದುಗರಿಗೆ ಬತ್ತದ ಗದ್ದೆ, ಕಬ್ಬು, ಬಾಳೆ ನೆನಪಾಗಬಹುದು. ನಮ್ಮದು ಆ ಭಾಗ್ಯದಿಂದ ಸ್ವಲ್ಪ ಮೇಲಕ್ಕೆ, ಕಾಲುವೆಯ ನೀರು ಏರಲಾರದ ದಿಬ್ಬದ ಮೇಲಿದೆ. ಅಲ್ಲಿ ನನ್ನ ತಾಯಿ ಪ್ರತಿದಿನ ಬೆಳಗ್ಗೆ ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಇದ್ದಿಲಿನ ಪುಡಿಗೆ ಉಪ್ಪು ಬೆರೆಸಿ ಹಲ್ಲು ಉಜ್ಜುತ್ತಿದ್ದಳು. ಒಸಡಿನಲ್ಲಿ ರಕ್ತ ಬರುತ್ತಿತ್ತು, ಗೆರೆ ಮಾತ್ರ ಹೋಗುತ್ತಿರಲಿಲ್ಲ. ಹತ್ತು ವರ್ಷಕ್ಕೆ ಹಿರಿಯನಾದ ಅಣ್ಣನ ಹಲ್ಲು ಮಲ್ಲಿಗೆಯ ಮೊಗ್ಗಿನಂತಿತ್ತು. "ಅವನ್ನ ನೋಡಿ ಕಲಿ, ಸೋಮಾರಿ" ಎಂಬುದು ನಾನು ಕಲಿತ ಮೊದಲ ಸುಭಾಷಿತ.

ಎರಡು ವರ್ಷದ ಹಿಂದೆ ಊರಿಗೆ ಹೋಗಿದ್ದಾಗ ಅಣ್ಣನ ಮೊಮ್ಮಗಳು ತನ್ನ ಹೊಸ ಹಲ್ಲನ್ನು ತೋರಿಸಲು ಓಡಿಬಂದಳು. ಆರು ವರ್ಷದ ಹುಡುಗಿ. ಹಾಲುಹಲ್ಲು ಬಿದ್ದ ಜಾಗದಲ್ಲಿ ಹೊಸದು ಇಣುಕಿತ್ತು. ಅದರ ಮೇಲೆ ಸೀಮೆಸುಣ್ಣ ಒರೆಸಿದಂತೆ ಬಿಳಿಯ ಮಚ್ಚೆ. ನಾನು ಮೆಚ್ಚಿದಂತೆ ನಟಿಸಿ, ಅಂಗಳದ ಕೊಳವೆಬಾವಿಯ ನೀರನ್ನು ಒಂದು ಸೀಸೆಯಲ್ಲಿ ತುಂಬಿಕೊಂಡು ಹೊಸಪೇಟೆಗೆ ಬಂದೆ. ಹೇಳಬೇಕಾದ ಮಾತು: ಆ ಬಾವಿಯನ್ನು ಹತ್ತು ವರ್ಷದ ಹಿಂದೆ, ಮುಪ್ಪಿನಲ್ಲಿ ತಾಯಿ ಕೊಡ ಹೊರಬಾರದೆಂದು, ನನ್ನ ಸಂಬಳದಿಂದ ನಾನೇ ಕೊರೆಸಿದ್ದೆ.

ರಸಾಯನಶಾಸ್ತ್ರದ ಸಹೋದ್ಯೋಗಿ ಎರಡು ಗಾಜಿನ ಕೊಳವೆಗಳನ್ನು ಎದುರಿಗಿಟ್ಟರು. ಒಂದರಲ್ಲಿ ಹೊಸಪೇಟೆಯ ನಲ್ಲಿಯ ನೀರು, ಅಂದರೆ ತುಂಗಭದ್ರೆಯದು. ಇನ್ನೊಂದರಲ್ಲಿ ನಮ್ಮ ಬಾವಿಯದು. ಎರಡಕ್ಕೂ ಜಿರ್ಕೋನಿಯಂ ಸೇರಿದ ಕೆಂಪು ದ್ರಾವಣವನ್ನು ಅಳೆದು ಹಾಕಿದರು. ನದಿಯ ನೀರು ಕೆಂಪಾಗಿಯೇ ಉಳಿಯಿತು. ನಮ್ಮದರಲ್ಲಿ ಬಣ್ಣ ಮಾಸತೊಡಗಿತು. ನೀರಿನೊಳಗಿನ ಫ್ಲೋರೈಡು ಬಣ್ಣದಿಂದ ಜಿರ್ಕೋನಿಯಂ ಅನ್ನು ಕಿತ್ತುಕೊಳ್ಳುವುದರಿಂದ ಹೀಗಾಗುತ್ತದಂತೆ. ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ಗತಿಯಿಲ್ಲದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ನಮ್ಮ ಬಾವಿಯದು ಅದರ ಎರಡರಷ್ಟನ್ನೂ ದಾಟಿತ್ತು. "ಕುದಿಸಿ ಕುಡಿದರೆ?" ಎಂದೆ. ಕುದಿಸಿದರೆ ನೀರು ಹೋಗಿ ಫ್ಲೋರೈಡು ಇನ್ನಷ್ಟು ಗಟ್ಟಿಯಾಗುತ್ತದೆ ಎಂದರು.

ನನಗೆ ನಾಚಿಕೆಯಾದದ್ದು ಇನ್ನೊಂದು ಕಾರಣಕ್ಕೆ. ನೀರಿನ ವಿಷದ ಮಾತು ಬಂದಾಗಲೆಲ್ಲ ನಾನು ಸಂಡೂರಿನ ಕಡೆಗೆ ಕೈ ತೋರಿಸುತ್ತಿದ್ದವನು. ಮಳೆಗಾಲದಲ್ಲಿ ಅಲ್ಲಿನ ಅದಿರಿನ ಗುಡ್ಡಗಳಿಂದ ಹಳ್ಳಗಳು ಕುಂಕುಮ ಕದಡಿದಂತೆ ಹರಿದು ಬರುವುದನ್ನು ಕಂಡವರಿಗೆ ಬೇರೆ ಸಾಕ್ಷಿ ಬೇಕೆನಿಸುವುದಿಲ್ಲ. ಸುಪ್ರೀಂ ಕೋರ್ಟು 2011ರಲ್ಲಿ ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದಾಗ ಹಳ್ಳಗಳು ತಿಳಿಯಾಗುತ್ತವೆಂದು ಹಿಗ್ಗಿದವರಲ್ಲಿ ನಾನೂ ಒಬ್ಬ. ಗಣಿಯ ಕೆಸರು ನಿರಪರಾಧಿಯೆಂದು ನಾನು ಈಗಲೂ ಹೇಳುವುದಿಲ್ಲ. ಅದು ಹೊಲವನ್ನೂ ಕೆರೆಯನ್ನೂ ಮುಚ್ಚುತ್ತದೆ. ಆದರೆ ಕಬ್ಬಿಣದ ಆ ಕೆಂಪು ನೀರಿನಲ್ಲಿ ಕರಗುವುದು ಬಹಳ ಕಡಮೆ, ಬಿಟ್ಟರೆ ತಳಕ್ಕೆ ಇಳಿಯುತ್ತದೆ, ಮುಖ್ಯವಾಗಿ ಕಣ್ಣಿಗೆ ಕಾಣುತ್ತದೆ. ನಮ್ಮ ಬಾವಿಯ ನೀರು ಸ್ಫಟಿಕದಂತಿತ್ತು. ಬಂದ ನೆಂಟರು ಅದನ್ನು ಎಳನೀರಿಗೆ ಹೋಲಿಸಿ ಹೋಗುತ್ತಿದ್ದರು.

ಈ ಫ್ಲೋರೈಡನ್ನು ಯಾರೂ ತಂದು ಸುರಿದದ್ದಲ್ಲ. ಹಂಪಿಗೆ ಬಂದವರೆಲ್ಲ ಬೆರಗಾಗಿ ನೋಡುವ ಬಂಡೆಗಳಿವೆಯಲ್ಲ, ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯ ಗ್ರಾನೈಟು, ಅಂತಹ ಕಲ್ಲಿನೊಳಗಿನ ಅಭ್ರಕ, ಅಪಟೈಟುಗಳಲ್ಲಿ ಅದು ಅಡಗಿರುತ್ತದೆ. ಹರಿಯುವ ನದಿಗೆ ಕಲ್ಲಿನ ಬಳಿ ಕುಳಿತು ಮಾತನಾಡುವ ಬಿಡುವಿಲ್ಲ. ಆಳದ ಬಿರುಕಿನಲ್ಲಿ ನಿಂತ ನೀರಿಗೆ ಬೇಕಾದಷ್ಟು ಕಾಲವಿದೆ. ನೀರಿನಲ್ಲಿ ಸುಣ್ಣದ ಅಂಶ ಸಾಕಷ್ಟಿದ್ದರೆ ಅದು ಫ್ಲೋರೈಡನ್ನು ಹಿಡಿದು ತಳಕ್ಕೆ ಇಳಿಸೀತು; ಕ್ಷಾರ ಹೆಚ್ಚಿ ಸುಣ್ಣ ಕಡಮೆಯಾದ ನಮ್ಮ ಬಯಲುಸೀಮೆಯ ನೀರಿನಲ್ಲಿ ಹಿಡಿಯುವವರಿಲ್ಲ. ಆಳಕ್ಕೆ ಹೋದಷ್ಟೂ ಶುದ್ಧ ಜಲವೆಂದು ನಂಬಿ, ಹಣ ಸಾಲದಿದ್ದರೂ ಸಾಲ ಮಾಡಿ ನಾನು ಇನ್ನೂ ನೂರು ಅಡಿ ಹೆಚ್ಚು ಕೊರೆಸಿದ್ದೆ.

ಈ ಕಲೆಯ ಕಥೆ ಮೊದಲು ಬಿಚ್ಚಿದ್ದು ಅಮೆರಿಕದಲ್ಲಿ. ಕೊಲರಾಡೊ ಸ್ಪ್ರಿಂಗ್ಸ್ ಎಂಬ ಊರಿಗೆ 1901ರಲ್ಲಿ ಹೋದ ಫ್ರೆಡರಿಕ್ ಮೆಕೇ ಎಂಬ ದಂತವೈದ್ಯರು ಅಲ್ಲಿ ಹುಟ್ಟಿ ಬೆಳೆದವರ ಹಲ್ಲೆಲ್ಲ ಕಂದಾಗಿರುವುದನ್ನು ಕಂಡರು. ಬೆಳೆದ ಮೇಲೆ ವಲಸೆ ಬಂದವರಿಗೆ ಕಲೆಯಿರಲಿಲ್ಲ. ನೀರೇ ಕಾರಣವೆಂದು ಅವರು ಊಹಿಸಿದರೂ, ಅದು ಫ್ಲೋರೈಡೆಂದು ಒಬ್ಬ ರಸಾಯನಶಾಸ್ತ್ರಜ್ಞ ಕಂಡುಹಿಡಿದದ್ದು 1931ರಲ್ಲಿ. ನಮ್ಮ ದೇಶದಲ್ಲಿ 1937ರಲ್ಲಿ ನೆಲ್ಲೂರು ಜಿಲ್ಲೆಯಿಂದ ಇದರ ವರದಿ ಬಂತು; ಅಲ್ಲಿ ಹಲ್ಲಿನ ಜೊತೆಗೆ ಬೆನ್ನು, ಕೀಲುಗಳೂ ಬಿಗಿದುಹೋದ ಜನರಿದ್ದರು. ಬಳ್ಳಾರಿಯೂ ಆಗ ಅದೇ ಮದರಾಸು ಪ್ರಾಂತದಲ್ಲಿತ್ತು.

ಮುಂದಿನ ಹಲ್ಲಿನ ಹೊಳಪು ಎಂಟು ವರ್ಷದೊಳಗೆ, ಒಸಡಿನ ಒಳಗೇ ಸಿದ್ಧವಾಗುತ್ತದೆ. ಆಗ ಕುಡಿದ ನೀರು ಅದರ ಮೇಲೆ ಶಾಸನ ಬರೆದುಬಿಡುತ್ತದೆ, ಮುಂದೆ ಯಾವ ಇದ್ದಿಲಿಗೂ ಅಳಿಸಲು ಬಾರದು. ಅಣ್ಣ ಕೆರೆಯ ನೀರು ಕುಡಿದು ಬೆಳೆದವನು. ನಾನು ಹುಟ್ಟುವ ಹಿಂದಿನ ವರ್ಷ, 1981ರಲ್ಲಿ, ಊರಿಗೆ ಕೈಪಂಪು ಬಂತು. ವಿಶ್ವಸಂಸ್ಥೆಯ ನೀರಿನ ದಶಕ ಆರಂಭವಾದ ವರ್ಷ ಅದು. ಪಂಪಿಗೆ ಅರಿಸಿನ ಕುಂಕುಮವಿಟ್ಟು ಪೂಜೆ ಮಾಡಿದ್ದರಂತೆ. ಆ ಪೂಜೆ ತಪ್ಪೆಂದು ಹೇಳಲು ನನ್ನ ಬಾಯಿ ಬಾರದು. ಮೆಟ್ಟಿಲುಬಾವಿಗಳ ನೀರಿನಿಂದ ಹರಡುತ್ತಿದ್ದ ನಾರುಹುಣ್ಣು ಈ ದೇಶದಿಂದ ತೊಲಗಿದುದರಲ್ಲಿ ಇಂಥ ಪಂಪುಗಳ ಪಾಲೂ ಇದೆ; 2000ದಲ್ಲಿ ಭಾರತ ಆ ರೋಗದಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ನನ್ನ ಅಜ್ಜನ ಕಾಲಿನ ಮೇಲೆ ಆ ಹುಣ್ಣಿನ ಗುರುತಿತ್ತು. ಅವನ ಗುರುತು ಕಾಲಿನ ಮೇಲೆ, ನನ್ನದು ಹಲ್ಲಿನ ಮೇಲೆ.

ಇದನ್ನೆಲ್ಲ ತಾಯಿಗೆ ತಿಳಿಸುವುದು ತರಗತಿಯಲ್ಲಿ ಪಂಪನನ್ನು ತಿಳಿಸುವುದಕ್ಕಿಂತ ಕಷ್ಟವಾಯಿತು. ಕೊಳವೆ, ಬಣ್ಣ, ಬಂಡೆ ಎಲ್ಲವನ್ನೂ ಹೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದು, "ಹಂಗಾದ್ರ ನಿಂದೇನೂ ತಪ್ಪಿರಲಿಲ್ಲೇನು?" ಎಂದಳು. ಇಲ್ಲವೆಂದೆ. "ನಾ ರಕ್ತ ಬರೂ ಹಂಗ ತಿಕ್ತಿದ್ದೆ" ಎಂದು ಒಳಗೆ ಹೋದಳು. ನಾನು ಕೊರೆಸಿದ ಬಾವಿಯ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗ ಅಣ್ಣ ದಿನ ಬಿಟ್ಟು ದಿನ ಮೋಟಾರ್ ಸೈಕಲ್ಲಿನಲ್ಲಿ ಕಾಲುವೆಯ ಕೆಳಗಿನ ಊರಿನಿಂದ ನಲ್ಲಿಯ ನೀರನ್ನು ಕ್ಯಾನಿನಲ್ಲಿ ತರುತ್ತಾನೆ. ಮಗುವಿಗೆಂದು ಬೇರೆ ಬಿಂದಿಗೆಯಿದೆ, ಅದಕ್ಕೆ ಕೆಂಪು ದಾರ ಕಟ್ಟಿದ್ದಾರೆ. ತಾಯಿ ಅದನ್ನು ಮುಟ್ಟುವುದಿಲ್ಲ. ಆಕೆಯ ಕುತ್ತಿಗೆ ಈಚೆಗೆ ಸರಿಯಾಗಿ ತಿರುಗುವುದಿಲ್ಲ, ಕುಳಿತರೆ ಏಳಲು ಗೋಡೆ ಬೇಕು. ವಯಸ್ಸಾಯಿತೆಂದು ಒಬ್ಬ ವೈದ್ಯರು, ನೀರಿನದೂ ಇರಬಹುದೆಂದು ಇನ್ನೊಬ್ಬರು. ಕಳೆದ ವಾರ ಹೋದಾಗ ಬಿಂದಿಗೆಯ ನೀರು ಕುಡಿಯೆಂದು ಬೇಡಿಕೊಂಡೆ. "ಅದಕ್ಕ ರುಚೀನ ಇಲ್ಲ" ಎಂದು, ಬಾವಿಯ ನೀರಿನಲ್ಲೇ ನನಗೂ ಒಂದು ಲೋಟ ಚಹ ಕಾಯಿಸಿಕೊಟ್ಟಳು. ಕುಡಿದೆ.