ಪೆಟ್ಟಿಗೆ ಬೇರೆ, ಗಿಟಾರ್ ಬೇರೆ!

ಸಿನಿಮಾದಲ್ಲಿ ಒಂದೇ ಥರದ ಎರಡು ಸೂಟ್‌ಕೇಸ್ ರೈಲ್ವೆ ಸ್ಟೇಷನ್ನಿನಲ್ಲಿ ಅದಲುಬದಲಾದರೆ ನೀವು ಸೀಟಿನ ತುದಿಗೆ ಬಂದು ಕೂರುತ್ತೀರಿ, ಅಲ್ವೇ? ಒಂದರಲ್ಲಿ ವಜ್ರ, ಇನ್ನೊಂದರಲ್ಲಿ ಹೀರೋನ ಹರಕಲು ಬನಿಯನ್ನು! ಯಾವ ಪೆಟ್ಟಿಗೆ ಯಾರದು ಅಂತ ಗೊತ್ತಾಗುವ ಹೊತ್ತಿಗೆ ಮೂರು ಫೈಟು, ಎರಡು ಹಾಡು ಮುಗಿದಿರುತ್ತೆ. ಇದೆಲ್ಲ ಬರೀ ಕಟ್ಟುಕಥೆ ಅಂತ ನಾನೂ ನಗುತ್ತಿದ್ದವನೇ. ಆದರೆ ಮಿತ್ರರೇ, ಅಂಥದೇ ಕಥೆ ನಮ್ಮ ಮನೆಯಲ್ಲೇ ನಡೆದಿತ್ತು. ಅದು ಗೊತ್ತಿಲ್ಲದೆ ನಾನು ಒಡಹುಟ್ಟಿದ ಅಣ್ಣನನ್ನೇ ಸುಳ್ಳುಗಾರ ಅಂದುಬಿಟ್ಟೆ.

ಮೊದಲು ನನ್ನ ಕಸುಬು ಹೇಳಿಬಿಡುತ್ತೇನೆ. ಬೆಂಗಳೂರಿನ ಮೆಜೆಸ್ಟಿಕ್ ಪಕ್ಕದ ಒಂದು ಗಲ್ಲಿಯಲ್ಲಿ ಸೂಟ್‌ಕೇಸ್, ಟ್ರಂಕು, ವಾದ್ಯದ ಪೆಟ್ಟಿಗೆ ರಿಪೇರಿ ಮಾಡುತ್ತೇನೆ. ನಲವತ್ತು ವರ್ಷವಾಯ್ತು. ಕಪಾಲಿ ಥಿಯೇಟರು ಹೋಯಿತು, ಸಾಗರ್ ಹೋಯಿತು, ನನ್ನ ಸುತ್ತಿಗೆ ಮಾತ್ರ ಇನ್ನೂ ಕುಟ್ಟುತ್ತಿದೆ.

ನಮ್ಮಣ್ಣ ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವನು. ಆರ್ಕೆಸ್ಟ್ರಾ ಗಿಟಾರಿಸ್ಟ್. ಗಣೇಶನ ಪೆಂಡಾಲು, ರಾಜ್ಯೋತ್ಸವದ ವೇದಿಕೆ, ಮದುವೆ ಮನೆ, ಎಲ್ಲೆಲ್ಲಿ ಮೈಕು ಕಟ್ಟಿದ್ದರೋ ಅಲ್ಲೆಲ್ಲ ಅವನಿದ್ದ. 1974ರಲ್ಲಿ ಮದ್ರಾಸಿಗೆ ಹೋಗಿ, ವರ್ಷಗಟ್ಟಲೆ ಕೂಡಿಟ್ಟ ದುಡ್ಡು ಸುರಿದು, ಒಂದು ಸೆಕೆಂಡ್ ಹ್ಯಾಂಡ್ ಅಮೆರಿಕನ್ ಗಿಟಾರ್ ತಂದ. ಫೆಂಡರ್ ಸ್ಟ್ರಾಟೋಕಾಸ್ಟರ್! ಆ ಕಾಲದಲ್ಲಿ ಕನ್ನಡ ಚಿತ್ರಗಳ ಹಾಡು ರೆಕಾರ್ಡ್ ಆಗುತ್ತಿದ್ದದ್ದು ಹೆಚ್ಚಾಗಿ ಮದ್ರಾಸಿನಲ್ಲೇ. ಜಿ.ಕೆ. ವೆಂಕಟೇಶ್ ಅವರ ಬಳಿ ಸಹಾಯಕನಾಗಿದ್ದ, ಗಿಟಾರೂ ನುಡಿಸುತ್ತಿದ್ದ ಒಬ್ಬ ಯುವಕ ಮುಂದೆ 1976ರಲ್ಲಿ ‘ಅನ್ನಕ್ಕಿಳಿ’ಗೆ ಸಂಗೀತ ಕೊಟ್ಟು ಇಳಯರಾಜ ಅನ್ನಿಸಿಕೊಂಡರು. 1981ರಲ್ಲಿ ನಮ್ಮ ಶಂಕರ್‌ನಾಗ್ ಅವರ ‘ಗೀತಾ’ ಬಂದಾಗ ಅಣ್ಣ ಎದೆ ತಟ್ಟಿಕೊಂಡು ಹೇಳುತ್ತಿದ್ದ: “ನೋಡೋ, ಗಿಟಾರ್ ಹಿಡಿದೋನು ಎಲ್ಲಿಗೆ ಬೇಕಾದ್ರೂ ಹೋಗಬಹುದು!”

ಅಣ್ಣ ಎಲ್ಲಿಗೂ ಹೋಗಲಿಲ್ಲ. 1988ರಲ್ಲಿ ತಂಗಿಯ ಮದುವೆಗೆ ಗಿಟಾರ್ ಮಾರಿಬಿಟ್ಟ. ಕೊಳ್ಳಲು ಬಂದವನು ಬೊಂಬಾಯಿಯವನು, ತನ್ನದೇ ಗಟ್ಟಿ ಪೆಟ್ಟಿಗೆ ತಂದಿದ್ದ. “ಹಳೇ ಪೆಟ್ಟಿಗೇನೂ ಕೊಡಿ, ಸ್ವಲ್ಪ ಜಾಸ್ತಿ ಕೊಡ್ತೀನಿ” ಅಂದ. ಅಣ್ಣ ಕೊಡಲಿಲ್ಲ. ಖಾಲಿ ಪೆಟ್ಟಿಗೆ ಅಟ್ಟ ಸೇರಿತು.

ಪೆಟ್ಟಿಗೆ ನೋಡಿ ಇಸವಿ ಹೇಳೋದು

ಸುಮಾರು ಹದಿನೈದು ವರ್ಷದ ಹಿಂದೆ ನನ್ನ ಅಂಗಡಿಗೆ ಹೊಸ ಥರದ ಗಿರಾಕಿಗಳು ಬರತೊಡಗಿದರು. ಅಮೆರಿಕದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡಿ, ಅಲ್ಲಿ ಹಳೇ ಗಿಟಾರ್ ಕೊಂಡು, ಊರಿಗೆ ವಾಪಸ್ ಬಂದ ಹುಡುಗರು. ಗಿಟಾರಿನ ಜೊತೆ ಹಳೇ ಪೆಟ್ಟಿಗೆಯೂ ಬರುತ್ತಿತ್ತು. ಹಿಡಿ ಕಿತ್ತಿದ್ದು, ಕೊಂಡಿ ತುಕ್ಕು ಹಿಡಿದಿದ್ದು, ಬಟ್ಟೆ ಜೋತುಬಿದ್ದಿದ್ದು. “ಹೊಸದು ಮಾಡಬೇಡಿ ಸಾರ್, ಗಟ್ಟಿ ಮಾಡಿ ಸಾಕು” ಅನ್ನುತ್ತಿದ್ದರು. ಯಾಕಪ್ಪಾ ಅಂದರೆ, ಆ ಪೆಟ್ಟಿಗೆಯ ಬಣ್ಣ, ಬಟ್ಟೆ, ಲಾಂಛನ ನೋಡಿ ಇಸವಿ ಹೇಳಬಹುದಂತೆ! ಅವರು ಹೇಳಿದ್ದನ್ನು ಕೇಳುತ್ತಾ, ಬಂದ ಪೆಟ್ಟಿಗೆಗಳನ್ನು ಬಿಚ್ಚಿ ನೋಡುತ್ತಾ ನಾನೂ ಕಲಿತೆ.

ನಿಮಗೂ ಹೇಳುತ್ತೇನೆ ಕೇಳಿ. ಫೆಂಡರ್ ಕಂಪನಿ ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್ ಊರಿನಲ್ಲಿ. 1954ರಲ್ಲಿ ಸ್ಟ್ರಾಟೋಕಾಸ್ಟರ್ ಬಂತು. ಐವತ್ತರ ದಶಕದ ಪೆಟ್ಟಿಗೆಗೆ ಹೊರಗೆ ಟ್ವೀಡ್ ಅನ್ನುವ ಓರೆಗೆರೆಯ ಹತ್ತಿಬಟ್ಟೆ, ಗೋಧಿ ಬಣ್ಣ. 1960ರ ಹೊತ್ತಿಗೆ ಟ್ವೀಡ್ ಹೋಗಿ ಟೋಲೆಕ್ಸ್ ಬಂತು. ಟೋಲೆಕ್ಸ್ ಅಂದರೆ ಬಟ್ಟೆಯ ಮೇಲೆ ವಿನೈಲ್ ಬಳಿದದ್ದು, ನೋಡೋಕೆ ಚರ್ಮದ ಹಾಗೆ. ಮೊದಲು ಕಂದು. 1963ರ ಸುಮಾರಿಗೆ ಬಿಳಿ. 1964ರ ಸುಮಾರಿಗೆ ಕಪ್ಪು. ಮೊದಮೊದಲ ಕಪ್ಪು ಪೆಟ್ಟಿಗೆಗಳ ಮೇಲೆ ಹೆಸರೇ ಇಲ್ಲ. ಆಮೇಲೆ ಫೆಂಡರ್ ಹೆಸರಿನ ಲಾಂಛನ ಬಂತು. ಇನ್ನೂ ಆಮೇಲೆ, ಅರವತ್ತರ ದಶಕ ಮುಗಿಯುತ್ತಾ, ಆ ಹೆಸರಿನ ಕೆಳಗೆ ಬಾಲದ ಹಾಗೆ ಒಂದು ಗೆರೆ ಸೇರಿತು. ಗಿರಾಕಿಗಳು ‘ಬಾಲ ಇದ್ದದ್ದು’, ‘ಬಾಲ ಇಲ್ಲದ್ದು’ ಅಂತಲೇ ಕರೀತಾರೆ! ಅರವತ್ತರ ಕಪ್ಪು ಪೆಟ್ಟಿಗೆಯ ಒಳಗೆ ಕಿತ್ತಳೆ ಬಣ್ಣದ ಮಖಮಲ್ಲು. ಎಪ್ಪತ್ತರ ದಶಕ ಕಳೆಯುತ್ತಾ ಒಳಗೂ ಕಪ್ಪು. ಇದರ ನಡುವೆ, 1965ರ ಜನವರಿಯಲ್ಲಿ, ಲಿಯೋ ಫೆಂಡರ್ ತಮ್ಮ ಕಂಪನಿಯನ್ನೇ ಸಿ.ಬಿ.ಎಸ್. ಸಂಸ್ಥೆಗೆ ಮಾರಿದರು. ಅದಕ್ಕೇ ಆ ಇಸವಿಗಿಂತ ಮುಂಚಿನ ಮಾಲು ಅಂದರೆ ಸಂಗ್ರಹ ಮಾಡುವವರು ಪ್ರಾಣ ಬಿಡುತ್ತಾರೆ.

ಮಿಷಿಗನ್‌ನ ಕಲಮಜೂ ಊರಿನಲ್ಲಿ ಹುಟ್ಟಿದ ಗಿಬ್ಸನ್ ಕಂಪನಿಯದು ಬೇರೆ ದಾರಿ. 1952ರಲ್ಲಿ ಬಂದ ಲೆಸ್ ಪಾಲ್ ಗಿಟಾರಿಗೆ ಐವತ್ತರ ದಶಕದಲ್ಲಿ ಕೊಡುತ್ತಿದ್ದ ಒಳ್ಳೆಯ ಪೆಟ್ಟಿಗೆ ಹೊರಗೆ ಕಂದು, ಒಳಗೆ ಗುಲಾಬಿ! ಗಂಡಸರ ವಾದ್ಯಕ್ಕೆ ಗುಲಾಬಿ ಹಾಸಿಗೆ ನೋಡಿ. ಅರವತ್ತರ ದಶಕದ ಮೊದಲಲ್ಲಿ ಹೊರಗೆ ಕಪ್ಪು, ಒಳಗೆ ಹಳದಿ.

ಇದೆಲ್ಲ ಕರಾರುವಾಕ್ಕು ಲೆಕ್ಕವಲ್ಲ. ಫ್ಯಾಕ್ಟರಿಯಲ್ಲಿ ಹಳೇ ಸ್ಟಾಕು ಮುಗಿಯುವವರೆಗೆ ಹೊಸದರ ಜೊತೆ ಹಳೆಯದೂ ಹೊರಗೆ ಹೋಗುತ್ತಿತ್ತು. ಲಾಂಛನವನ್ನಂತೂ ಕಣ್ಣುಮುಚ್ಚಿ ನಂಬಬಾರದು, ಎರಡು ಮೊಳೆ ಹೊಡೆದರೆ ಯಾರು ಬೇಕಾದರೂ ಕೂರಿಸಬಹುದು. ಒಳಗಡೆ ಮೊಳೆ ಹೊಸದೇ, ರಿವೆಟ್ಟಿನ ಸುತ್ತ ಬೇರೆ ತೂತಿದೆಯೇ, ಹಿಡಿ ಬದಲಾಗಿದೆಯೇ ಅಂತ ನೋಡಬೇಕು. ಹೆಸರಿಗಿಂತ ತೂತು ನಿಜ ಹೇಳುತ್ತೆ.

ಯುಗಾದಿ ದಿನದ ಜಾಣತನ

ಇಷ್ಟು ವಿದ್ಯೆ ತಲೆಗೆ ಹತ್ತಿದ ಮೇಲೆ ಸುಮ್ಮನಿರೋದು ಹೇಗೆ? ಒಂದು ಯುಗಾದಿಗೆ ಅಣ್ಣನ ಮನೆಗೆ ಹೋಗಿದ್ದೆ. ಊಟವಾದ ಮೇಲೆ ಅಣ್ಣ ಮೊಮ್ಮಗನಿಗೆ ಅಟ್ಟದ ಪೆಟ್ಟಿಗೆ ಇಳಿಸಿ ತೋರಿಸುತ್ತಿದ್ದ. “ಇದರಲ್ಲಿ ನನ್ನ ಗಿಟಾರ್ ಇತ್ತು ಪುಟ್ಟಾ. 62ನೇ ಇಸವಿ ಮಾಲು.”

ನಾನು ಪೆಟ್ಟಿಗೆ ನೋಡಿದೆ. ಕಪ್ಪು ಟೋಲೆಕ್ಸ್. ಒಳಗೆ ಕಿತ್ತಳೆ ಮಖಮಲ್ಲು. ಮೇಲೆ ಬಾಲವಿಲ್ಲದ ಲಾಂಛನ, ಮೊಳೆ ಹಳೆಯದೇ. ತೀರ್ಪು ಕೊಡೋಕೆ ಅರ್ಧ ನಿಮಿಷ ಸಾಕಾಯ್ತು.

“62 ಅಲ್ಲ ಬಿಡೋ ಅಣ್ಣಾ. 62 ಆಗಿದ್ರೆ ಕಂದು ಇರಬೇಕಿತ್ತು. ಇದು ಸಿ.ಬಿ.ಎಸ್. ಬಂದ ಮೇಲಿನದು. ಮದ್ರಾಸಿನೋರು ನಿನಗೆ ಟೋಪಿ ಹಾಕಿದಾರೆ. ಇಲ್ಲ, ನೀನು ಇಷ್ಟು ವರ್ಷ ನಮಗೆಲ್ಲ ಹಾಕಿದೀಯ!”

ಎಲ್ಲರೂ ನಕ್ಕರು. ಮೊಮ್ಮಗನೂ ನಕ್ಕ. ಅಣ್ಣ ಮಾತ್ರ ನಗಲಿಲ್ಲ. ಪೆಟ್ಟಿಗೆ ಮುಚ್ಚಿ, ಕೊಂಡಿ ಹಾಕಿ, ಎದ್ದು ಒಳಗೆ ಹೋದ. ಆ ಮೇಲೆ ಐದು ತಿಂಗಳು ನನ್ನ ಹತ್ತಿರ ಮಾತಿಲ್ಲ. ಫೋನ್ ಮಾಡಿದರೆ ಅತ್ತಿಗೆ ಎತ್ತುತ್ತಿದ್ದರು.

ಯೋಚನೆ ಮಾಡಿ. ಅವನ ಹತ್ತಿರ ಗಿಟಾರ್ ಉಳಿದಿರಲಿಲ್ಲ, ಆರ್ಕೆಸ್ಟ್ರಾ ಉಳಿದಿರಲಿಲ್ಲ. ಉಳಿದಿದ್ದು ಒಂದು ಖಾಲಿ ಪೆಟ್ಟಿಗೆ, ಒಂದು ಇಸವಿ. ಆ ಇಸವಿಯನ್ನೂ ನಾನು ಮೊಮ್ಮಗನ ಮುಂದೆ ಕಿತ್ತುಕೊಂಡಿದ್ದೆ.

ಒಳಗಿನ ಬಟ್ಟೆ ಮುಟ್ಟಬೇಡ

ಶ್ರಾವಣದ ಮಳೆಯಲ್ಲಿ ಅಣ್ಣನ ಮನೆಯ ಅಟ್ಟ ಸೋರಿ ಪೆಟ್ಟಿಗೆ ನೆನೆಯಿತು. ಅಣ್ಣನ ಮಗ ಅದನ್ನು ಅಂಗಡಿಗೆ ತಂದು ಕೌಂಟರ್ ಮೇಲಿಟ್ಟ. “ಅಪ್ಪ ಏನೂ ಹೇಳಿ ಕಳಿಸಿಲ್ಲ ಚಿಕ್ಕಪ್ಪ. ಒಳಗಿನ ಬಟ್ಟೆ ಮಾತ್ರ ಮುಟ್ಟಬೇಡ ಅಂದ್ರು.”

ಪೆಟ್ಟಿಗೆಯ ಮೂಳೆ ಪ್ಲೈವುಡ್ಡು. ಒಂದು ಮೂಲೆಯಲ್ಲಿ ಪದರ ಪದರ ಬಿಟ್ಟುಕೊಂಡಿತ್ತು. ಮೊದಲು ಎರಡು ದಿನ ಮುಚ್ಚಳ ತೆಗೆದು ನೆರಳಿನಲ್ಲಿ ಗಾಳಿಗಿಟ್ಟೆ. ಒದ್ದೆ ಇದ್ದಾಗಲೇ ಅಂಟು ಹಾಕಿದರೆ ಒಳಗೇ ಬೂಷ್ಟು ಹಿಡಿಯುತ್ತೆ. ಆಮೇಲೆ ತೆಳುವಾದ ಚಾಕುವಿನ ತುದಿಯಿಂದ ಪದರದೊಳಗೆ ಬಿಳಿ ಬಡಗಿ ಅಂಟು ತೂರಿಸಿ, ಎರಡೂ ಕಡೆ ಮರದ ತುಂಡಿಟ್ಟು, ಕ್ಲಾಂಪು ಬಿಗಿದು ಒಂದು ರಾತ್ರಿ ಬಿಟ್ಟೆ. ಎದ್ದಿದ್ದ ಟೋಲೆಕ್ಸಿಗೂ ಅದೇ ಅಂಟು. ಚಪ್ಪಲಿಗೆ ಹಾಕುವ ಹಳದಿ ಗಮ್ಮು ಬೇಗ ಹಿಡಿಯುತ್ತೆ ನಿಜ. ಆದರೆ ಒಂದು ಸಲ ಹಿಡಿದರೆ ಸರಿಮಾಡೋಕೆ ಬಿಡಲ್ಲ, ವರ್ಷಗಳಾದ ಮೇಲೆ ಕಲೆ ಹಾಯಿಸುತ್ತೆ. ಬಿಳಿಯದು ನಿಧಾನ, ಎಳೆದು ಕೂರಿಸೋಕೆ ಟೈಮು ಕೊಡುತ್ತೆ.

ಹಿಂಜಿನ ರಿವೆಟ್ಟು ಕಿತ್ತಿತ್ತು. ಹಳೇ ರಿವೆಟ್ಟನ್ನು ಉಳಿಯಿಂದ ಹೊಡೆಯಬಾರದು, ಪ್ಲೈವುಡ್ಡು ಸೀಳುತ್ತೆ. ತಲೆಯನ್ನು ಡ್ರಿಲ್ಲಿನಿಂದ ಸವೆಸಿ ಹೊರಗೆ ತಳ್ಳಿ, ಅದೇ ತೂತಿಗೆ ಅದೇ ಅಳತೆಯ ಹೊಸದು ಹಾಕಿದೆ. ಕೊಂಡಿಯ ತುಕ್ಕಿಗೆ ನುಣುಪಾದ ಸ್ಟೀಲ್ ಉಣ್ಣೆ, ಒಂದು ತೊಟ್ಟು ಮೆಷಿನ್ ಎಣ್ಣೆ. ಹೊಸ ಕೊಂಡಿ ಹಾಕಲಿಲ್ಲ. ಹೊರಮೈಗೆ ಸೋಪಿನ ನೀರಲ್ಲಿ ಹಿಂಡಿದ ಬಟ್ಟೆ, ಅಷ್ಟೆ. ಮುಗ್ಗಲು ವಾಸನೆಗೆ ಒಂದು ಬಟ್ಟಲು ಅಡಿಗೆ ಸೋಡಾ ಒಳಗಿಟ್ಟು ವಾರ ಮುಚ್ಚಿದೆ. ಸೆಂಟು ಹೊಡೆದರೆ ಎರಡೂ ವಾಸನೆ ಸೇರಿ ಹೊಸ ವಿಲನ್ ಹುಟ್ಟಿಕೊಳ್ಳುತ್ತಾನೆ!

ಒಳಗಿನ ಮಖಮಲ್ಲು ನೋಡಿ ಕೈ ತುರಿಸಿತು, ಸುಳ್ಳು ಹೇಳಲ್ಲ. ಮಾಸಿತ್ತು, ಅಲ್ಲಲ್ಲಿ ಬೋಳಾಗಿತ್ತು. ಚಿಕ್ಕಪೇಟೆಯಿಂದ ಅದೇ ಬಣ್ಣದ ಬಟ್ಟೆ ತಂದು ಹೊಸದಾಗಿ ಹೊದಿಸಿದರೆ ಅಣ್ಣನ ಕೋಪ ಇಳಿದೀತು ಅಂತ ಆಸೆ. ಆದರೆ ಮುಟ್ಟಬೇಡ ಅಂದಿದ್ದನಲ್ಲ... ಟ್ಯೂಬ್‌ಲೈಟಿನ ಕೆಳಗೆ ಓರೆಯಾಗಿ ಹಿಡಿದು ನೋಡಿದೆ. ಆಗ ಕಾಣಿಸಿತು. ಮಖಮಲ್ಲಿನ ಕೂದಲು ಒತ್ತಿ ಮಲಗಿ, ಗಿಟಾರಿನ ಒಡಲಿನ ಅಚ್ಚು ಪೂರ್ತಿ ಮೂಡಿತ್ತು. ಎರಡು ಕೊಂಬು, ನಡುವಿನ ಸೊಂಟ, ಹಿಂದಿನ ದುಂಡು. ಕುತ್ತಿಗೆ ಮಲಗುವ ಕಡೆ ನುಣ್ಣಗೆ ಸವೆದ ಜಾಗ. 1974ರಿಂದ 1988ರವರೆಗೆ ಹದಿನಾಲ್ಕು ವರ್ಷ ಅದು ಅಲ್ಲಿ ಮಲಗಿತ್ತು. ನಾನು ಹೊಸ ಬಟ್ಟೆ ಹೊದಿಸಿದ್ದರೆ ಅಣ್ಣನ ಗಿಟಾರನ್ನು ಎರಡನೇ ಸಲ ಮಾರಿದ ಹಾಗೆ ಆಗುತ್ತಿತ್ತು. ಮೃದು ಬ್ರಷ್ಷಿನಿಂದ ಧೂಳು ಮಾತ್ರ ತೆಗೆದು ಬಿಟ್ಟೆ.

ಪೆಟ್ಟಿಗೆ ಹೊತ್ತು ನಾನೇ ಹೋದೆ. ಅಣ್ಣ ಮುಚ್ಚಳ ತೆಗೆದ. ಮೊದಲು ನೋಡಿದ್ದು ಒಳಗಿನ ಬಟ್ಟೆ. ಅಂಗೈಯಿಂದ ಒಮ್ಮೆ ಸವರಿದ. ಆಮೇಲೆ ಐದು ತಿಂಗಳ ಮೇಲೆ ಮೊದಲ ಮಾತು:

“ಕುತ್ತಿಗೆ ಬಿಚ್ಚಿದ್ದೆ ಕಣೋ. 76ರಲ್ಲಿ.”

ತಂತಿ ಎತ್ತರವಾಗಿ ಬೆರಳು ನೋಯುತ್ತಿತ್ತಂತೆ. ಹಿಂದಿನ ನಾಲ್ಕು ಸ್ಕ್ರೂ ಬಿಚ್ಚಿ, ಕುತ್ತಿಗೆಯ ಬುಡಕ್ಕೆ ರಟ್ಟಿನ ಚೂರು ಇಟ್ಟಿದ್ದಾನೆ. ಆಗ ಬುಡದಲ್ಲಿ ಒಂದು ಮುದ್ರೆ ಕಂಡಿದೆ. ಹಾಡಿನ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟಿದ್ದ, ತಂದು ತೋರಿಸಿದ: ‘2 ಸೆಪ್ 62 ಬಿ’.

ನನ್ನ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಆ ಮುದ್ರೆಯ ಅರ್ಥ ಅಂಗಡಿಗೆ ಬರುವ ಹುಡುಗರಿಂದ ಕಲಿತಿದ್ದೆ. ಮೊದಲ 2 ತಾರೀಖಲ್ಲ, ಸ್ಟ್ರಾಟೋಕಾಸ್ಟರ್ ಅನ್ನುವ ಗುರುತು. ಕೊನೆಯ ಬಿ ಅಂದರೆ ಕುತ್ತಿಗೆಯ ಮಾಮೂಲಿ ಅಗಲ. ನಡುವೆ ತಿಂಗಳು, ಇಸವಿ. ಗಿಟಾರ್ ಜೋಡಿಸಿದ್ದು ಸ್ವಲ್ಪ ಆಮೇಲೆ ಇರಬಹುದು, ಕುತ್ತಿಗೆ ಮಾತ್ರ 1962ರದೇ!

“ಮತ್ತೆ ಈ ಪೆಟ್ಟಿಗೆ?”

“ಅದರ ಪೆಟ್ಟಿಗೆ ಮುರಿದುಹೋಗಿತ್ತಂತೆ. ಮಾರಿದೋನು ಬೇರೆ ಯಾರದೋ ಪೆಟ್ಟಿಗೇಲಿ ಹಾಕಿ ಕೊಟ್ಟ. ನಾನು ಹೇಳಿದ್ದು ಗಿಟಾರಿನ ಇಸವಿ. ನೀನು ಓದಿದ್ದು ಪೆಟ್ಟಿಗೇದು.”

“ಅವತ್ತೇ ಹೇಳಬಾರದಿತ್ತಾ?”

“ಹೇಳಿದ್ರೆ ಕೇಳ್ತಿದ್ಯಾ? ಅರ್ಧ ನಿಮಿಷದಲ್ಲಿ ಎಲ್ಲಾ ಗೊತ್ತಿತ್ತಲ್ಲ ನಿನಗೆ!”

ಅತ್ತಿಗೆ ಕಾಫಿ ತಂದರು. ಇಬ್ಬರೂ ಕುಡಿದೆವು. ಮೊಮ್ಮಗನನ್ನು ಕೂಗಿ ಕರೆದು, ಅಣ್ಣನ ಎದುರಿಗೇ ನಾನು ಹೇಳಿದೆ: “ತಾತ ಹೇಳಿದ್ದೇ ನಿಜ ಪುಟ್ಟಾ. ಈ ಚಿಕ್ಕ ತಾತ ತಪ್ಪು ಹೇಳಿದ್ದು.” ಹುಡುಗ ಅದಕ್ಕೂ ನಕ್ಕ. ಈ ಸಲ ಅಣ್ಣನೂ ನಕ್ಕ.

ಈಗ ನನ್ನ ಅಂಗಡಿಗೆ ಯಾರೇ ಹಳೇ ಪೆಟ್ಟಿಗೆ ತಂದರೂ ಇಸವಿ ಹೇಳುತ್ತೇನೆ. ಜೊತೆಗೆ ಇನ್ನೊಂದು ಮಾತು ಸೇರಿಸುತ್ತೇನೆ: “ಇದು ಪೆಟ್ಟಿಗೆ ವಯಸ್ಸು ಸ್ವಾಮಿ. ಗಿಟಾರಿನದನ್ನ ಗಿಟಾರನ್ನೇ ಕೇಳಿ.” ನಿಮ್ಮ ಮನೆಯ ಅಟ್ಟದಲ್ಲೂ ಅಪ್ಪನದೋ, ಮಾವನದೋ ಒಂದು ಪೆಟ್ಟಿಗೆ ಇದ್ದೀತು. ರಿಪೇರಿ ಮಾಡಿಸಿ, ಬೇಡ ಅನ್ನಲ್ಲ. ಆದರೆ ಒಳಗಿನ ಬಟ್ಟೆ ಕೀಳುವ ಮುಂಚೆ ಅದರ ಒಡೆಯರನ್ನು ಒಂದು ಮಾತು ಕೇಳಿಬಿಡಿ.

ಅಂದ ಹಾಗೆ, ಅಣ್ಣನ ಪೆಟ್ಟಿಗೆ ಈಗ ಅಟ್ಟದ ಮೇಲಿಲ್ಲ. ಅವನ ಮಂಚದ ಕೆಳಗಿದೆ. ಒಳಗೆ ಆ ಹಾಡಿನ ನೋಟ್‌ಬುಕ್ ಒಂದೇ. ಅಚ್ಚಿನ ಮೇಲೆ ಇಟ್ಟಿಲ್ಲ, ಪಕ್ಕಕ್ಕೆ ಇಟ್ಟಿದ್ದಾನೆ.