ಐದೂವರೆ ಮಾರು ತಂತಿ, ಮೇಲೊಂದು ಗೇಣು

ರಾಣೆಬೆನ್ನೂರಲ್ಲಿ ಬೆಳಗಿನ ಜಾವ ಬಸ್ ಇಳಿದಾಗ ನನ್ನ ಬ್ಯಾಗಲ್ಲಿ ಇದ್ದದ್ದು ಎರಡು ಜೊತೆ ಬಟ್ಟೆ. ಉಳಿದದ್ದೆಲ್ಲ ತಂತಿ, ಕೇಬಲ್ಲು, ಪಿ.ವಿ.ಸಿ. ಪೈಪಿನ ತುಂಡು. ಹಿರೇಕೆರೂರು ಬಸ್ಸಿನ ಕಂಡಕ್ಟರ್ ಬ್ಯಾಗ್ ನೋಡಿ, 'ವೈರಿಂಗ್ ಕೆಲಸಕ್ಕ ಹೊಂಟೀರೇನ್ರೀ?' ಅಂದರು. ಹೂಂ ಅಂದೆ. ಸಾಫ್ಟ್‌ವೇರ್ ಇಂಜಿನಿಯರ್ ಅಂತ ಹೇಳಿ ಅಷ್ಟು ತಂತಿಗೆ ವಿವರಣೆ ಕೊಡೋದು ಯಾರಿಗೆ ಬೇಕು!

ಅಬಲೂರು ನಮ್ಮಜ್ಜನ ಊರು. ಸರ್ವಜ್ಞ ಹುಟ್ಟಿದ ಊರು ಅಂತ ಪ್ರಸಿದ್ಧಿ. ಮಾಸೂರಿನವರ ಎದುರು ಇದನ್ನು ಸ್ವಲ್ಪ ಮೆಲ್ಲಗೆ ಹೇಳಬೇಕು, ಅವರದೂ ಒಂದು ವಾದ ಇದೆ.

ಕಳೆದ ಮಳೆಗಾಲದಲ್ಲಿ ಇಲ್ಲಿ ಎರಡು ದಿನ ಕರೆಂಟ್ ಇರಲಿಲ್ಲ. ಮೊಬೈಲ್ ಟವರೂ ಮಲಗಿತ್ತು. ಅದೇ ಹೊತ್ತಿಗೆ ಅಜ್ಜ ಹಿತ್ತಲಲ್ಲಿ ಜಾರಿ ಬಿದ್ದು ಸೊಂಟ ಉಳುಕಿಸಿಕೊಂಡ. ನನಗೆ ಗೊತ್ತಾಗಿದ್ದು ಮೂರನೇ ದಿನ. ಆ ಎರಡು ದಿನ ನಾನು ಬೆಂಗಳೂರಲ್ಲಿ ಕೂತು, ಸರ್ವರ್‌ಗಳು ಒಂದು ನಿಮಿಷವೂ ಡೌನ್ ಆಗಬಾರದು ಅಂತ ಕೆಲಸ ಮಾಡುತ್ತಿದ್ದೆ!

ಹ್ಯಾಮ್ ರೇಡಿಯೊ ಲೈಸೆನ್ಸ್ ಕಾಲೇಜಲ್ಲೇ ತೆಗೆದುಕೊಂಡಿದ್ದೆ, ಆಮೇಲೆ ಮರೆತಿದ್ದೆ. 2004ರ ಡಿಸೆಂಬರಿನಲ್ಲಿ ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರ ಹ್ಯಾಮ್ ತಂಡ ಹವ್ಯಾಸಕ್ಕೆಂದು ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ಫೋನುಗಳು ಸತ್ತಾಗ ಅವರ ರೇಡಿಯೊದಿಂದಲೇ ಎಷ್ಟೋ ಮನೆಗಳಿಗೆ ಸುದ್ದಿ ಮುಟ್ಟಿತು. ಪರೀಕ್ಷೆಗೆ ಓದುವಾಗ ಕೇಳಿದ್ದ ಈ ಕಥೆ, ಅಜ್ಜ ಬಿದ್ದ ಮೇಲೆ ಮತ್ತೆ ನೆನಪಾಯಿತು.

ಬೆಂಗಳೂರಿನಿಂದ ಅಬಲೂರಿಗೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ಕೈಯಲ್ಲಿ ಹಿಡಿಯುವ ವಾಕಿ-ಟಾಕಿಯ ಅಲೆ ನೇರಕ್ಕೆ ಓಡುತ್ತದೆ, ಗುಡ್ಡ ಅಡ್ಡ ಬಂದರೆ ಮುಗೀತು. 7 ಮೆಗಾಹರ್ಟ್ಸ್‌ನ ಅಲೆ ಹಾಗಲ್ಲ. ಆಂಟೆನಾವನ್ನು ನೆಲಕ್ಕೆ ಹತ್ತಿರವಾಗಿ ಕಟ್ಟಿದರೆ ಅಲೆ ನೆಟ್ಟಗೆ ಆಕಾಶಕ್ಕೆ ಹೋಗಿ, 250-300 ಕಿ.ಮೀ. ಮೇಲಿರುವ ಅಯಾನುಗೋಳಕ್ಕೆ ತಾಗಿ, ತೋಟದ ಸ್ಪ್ರಿಂಕ್ಲರ್ ನೀರಿನ ಹಾಗೆ ಸುತ್ತಲೂ ಬೀಳುತ್ತದೆ. ಅಂದರೆ ದೊಡ್ಡ ಕಂಬ ಬೇಡ. ಬೇವಿನ ಮರ ಸಾಕು.

ಬೇವಿನ ಮರ ಇತ್ತು. ಮರೆತು ಬಂದದ್ದು ಅಳತೆ ಟೇಪು.

'ಎಷ್ಟ್ ಉದ್ದ ಬೇಕಪಾ?' ಅಜ್ಜ ಕಟ್ಟೆ ಮೇಲಿಂದಲೇ ಕೇಳಿದ. ಲೆಕ್ಕ ಸುಲಭ. 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರಿನಲ್ಲಿ ಸಿಗುತ್ತೆ. 7.1ಕ್ಕೆ ಸುಮಾರು 20 ಮೀಟರ್, ಒಂದೊಂದು ಕಡೆಗೆ 10. 'ಮೂವತ್ಮೂರು ಫೂಟು ಅಜ್ಜಾ, ಎರಡು ತುಂಡು' ಅಂದೆ.

'ಅಂದ್ರ ಐದೂವರಿ ಮಾರು.' ಅಜ್ಜ ಎದ್ದು ನಿಂತು ಎರಡೂ ಕೈ ಚಾಚಿ, ಹಗ್ಗ ಅಳೆದ ಹಾಗೆ ವೈರ್ ಅಳೆಯತೊಡಗಿದ. ಸೊಂಟದ ನೋವು ಎಲ್ಲಿ ಹೋಗಿತ್ತೋ. ಐದೂವರೆ ಮಾರು ಆದ ಮೇಲೆ ಇನ್ನೊಂದು ಗೇಣು ಸೇರಿಸಿ, 'ಈಗ ಕತ್ತರಸು. ಹೆಚ್ಚಾದ್ರ ಮಡಚಬಹುದು, ಕಡಿಮಿ ಆದ್ರ ಏನ್ ಮಾಡ್ತಿ?' ಅಂದ. ಆಂಟೆನಾ ಕಟ್ಟುವವರ ಮೊದಲನೇ ಪಾಠವೂ ಇದೇ. ನಾನು ಅದನ್ನು ಎರಡು ಸಲ ವೈರ್ ಹಾಳು ಮಾಡಿ ಕಲಿತಿದ್ದೆ.

ಎರಡೂ ತಂತಿಯ ಒಂದೊಂದು ತುದಿಯನ್ನು ಪೈಪಿನ ತುಂಡಿಗೆ ಬಿಗಿದು, ಕೋಆಕ್ಸ್ ಕೇಬಲಿನ ಒಳಗಿನ ತಾಮ್ರವನ್ನು ಒಂದಕ್ಕೆ, ಹೊರಗಿನ ಜಾಲರಿಯನ್ನು ಇನ್ನೊಂದಕ್ಕೆ ಜೋಡಿಸಿದೆ. ಅದರ ಕೆಳಗೆ ಕೇಬಲನ್ನು ನಾಲ್ಕಿಂಚಿನ ಪೈಪಿಗೆ ಹದಿನೈದು ಸುತ್ತು ಸುತ್ತಿದೆ. ಇಲ್ಲದಿದ್ದರೆ ಕೇಬಲ್ಲೇ ಆಂಟೆನಾ ಆಗಿಬಿಡುತ್ತೆ. ಕಲ್ಲಿಗೆ ನೈಲಾನ್ ದಾರ ಕಟ್ಟಿ ಬೇವಿನ ಕೊಂಬೆಯ ಮೇಲಿಂದ ಎಸೆಯೋಕೆ ನನಗೆ ಆರು ಪ್ರಯತ್ನ ಬೇಕಾಯಿತು. ಏಳನೆಯದನ್ನು ಪಕ್ಕದ ಮನೆ ಹುಡುಗ ಎಸೆದ. ಕರೆಂಟ್ ಲೈನ್ ಎಲ್ಲಿದೆ ಅಂತ ಮೊದಲೇ ನೋಡಿಕೊಂಡಿದ್ದೆವು. ಅದರ ಹತ್ತಿರ ಈ ಆಟ ಬೇಡವೇ ಬೇಡ. ಮಧ್ಯದ ತುಂಡು ಇಪ್ಪತ್ತು ಅಡಿ ಮೇಲೆ ಹೋಯಿತು, ತುದಿಗಳನ್ನು ದಾರದಲ್ಲಿ ಎಳೆದು ಒಂದನ್ನು ಬೇಲಿಗೆ, ಇನ್ನೊಂದನ್ನು ಗಳಕ್ಕೆ, ಕೈಗೆ ಎಟುಕದ ಹಾಗೆ ಕಟ್ಟಿದೆವು.

ನ್ಯಾನೊ-ವಿ.ಎನ್.ಎ. ಅನ್ನೋ ಪುಟ್ಟ ಮೀಟರ್ ಹಚ್ಚಿ ನೋಡಿದರೆ ತಂತಿ 6.81 ಮೆಗಾಹರ್ಟ್ಸ್‌ಗೆ ಹೊಂದಿತ್ತು. ಪ್ಲಾಸ್ಟಿಕ್ ಹೊದಿಕೆಯ ವೈರು, ನೆಲ ಹತ್ತಿರ, ಜೊತೆಗೆ ಅಜ್ಜನ ಗೇಣು. ತುದಿಗಳನ್ನು ಇಳಿಸಿ ಮಡಚಿ, ಮತ್ತೆ ಏರಿಸಿ, ಹೀಗೆ ನಾಲ್ಕು ಸಲ. ಕೊನೆಗೆ ಮೊಳಕ್ಕೆ ಎರಡು ಬೆರಳು ಕಡಿಮೆ ಮಡಚಿದಾಗ 7.1ಕ್ಕೆ ಬಂತು. ಅಜ್ಜ ಆ ಅಳತೆ ನೋಡಿ ತಲೆಯಾಡಿಸಿ, 'ಇದ್ರಾಗ ಧಾರವಾಡ ಬರ್ತೈತೇನು?' ಅಂದ. ಧಾರವಾಡ ಆಕಾಶವಾಣಿ ಶುರುವಾಗಿದ್ದು 1950ರಲ್ಲಿ, ಅಜ್ಜನಿಗೆ ರೇಡಿಯೊ ಅಂದರೆ ಅದೇ. ಅದು 765 ಕಿಲೋಹರ್ಟ್ಸ್. ಇದೇ ಲೆಕ್ಕದಲ್ಲಿ ಅದಕ್ಕೆ ಆಂಟೆನಾ ಕಟ್ಟಿದರೆ ತಂತಿ ಇನ್ನೂರು ಮೀಟರ್ ಹತ್ತಿರ ಬೇಕು, ಪಕ್ಕದವರ ಗೋವಿನಜೋಳ ದಾಟಿ ಹೋಗುತ್ತೆ.

ಬೆಂಗಳೂರಿನ ಗೆಳೆಯ ಹನ್ನೆರಡಕ್ಕೆ ಸಿಗುವವನಿದ್ದ. ಇದ್ದ ಸಮಯದಲ್ಲಿ ಸೋಮೇಶ್ವರ ಗುಡಿಗೆ ಹೋಗಿಬಂದೆ. ಏಕಾಂತದ ರಾಮಯ್ಯನ ಕಥೆ ಹೇಳುವ ಶಾಸನ ಇಲ್ಲಿಯದೇ, ಸುಮಾರು 1200ರ ಕಾಲದ್ದು. ತಲೆ ಕತ್ತರಿಸಿಕೊಂಡು ಮರಳಿ ಪಡೆದ ಪವಾಡ, ಬಿಜ್ಜಳ ಕೊಟ್ಟ ಜಯಪತ್ರ ಎಲ್ಲವೂ ಅದರಲ್ಲಿದೆ. ಕಥೆಯ ದೃಶ್ಯಗಳನ್ನು ಕಲ್ಲಲ್ಲಿ ಕೆತ್ತಿ, ಯಾವುದು ಏನು ಅಂತ ಕನ್ನಡದಲ್ಲೇ ಬರೆದಿಟ್ಟಿದ್ದಾರೆ. ಅಬಲೂರಿಗೆ ಬಂದರೆ ಸರ್ವಜ್ಞನ ಹೆಸರು ಕೇಳಿ ಹಾಗೇ ಹೊರಟುಬಿಡಬೇಡಿ. ಈ ಗುಡಿಗೆ ಒಂದು ಗಂಟೆ ಕೊಡಿ.

ನನ್ನ ರೇಡಿಯೊ ಬಿಟ್‌ಎಕ್ಸ್-40, ಹೈದರಾಬಾದಿನ ಅಶ್ಹರ್ ಫರ್ಹಾನ್ ರೂಪಿಸಿದ್ದು. ಏಳು ವ್ಯಾಟ್, ಅಂದರೆ ಒಂದು ಎಲ್.ಇ.ಡಿ. ಬಲ್ಬಿನಷ್ಟು. ಅಜ್ಜನ ಮನೆಯ 12 ವೋಲ್ಟ್ ಬ್ಯಾಟರಿಗೆ ಸಿಕ್ಕಿಸಿದೆ. ಅಪಾರ್ಟ್‌ಮೆಂಟಿನಲ್ಲಿ ಇದೇ ರೇಡಿಯೊ ಹಾಕಿದರೆ ಲಿಫ್ಟು, ಚಾರ್ಜರು, ಬಲ್ಬುಗಳ ಗರ್ರ್ ಶಬ್ದ ಬಿಟ್ಟು ಏನೂ ಕೇಳಲ್ಲ. ಇಲ್ಲಿ ಎಷ್ಟು ನಿಶ್ಶಬ್ದ ಅಂದರೆ ಆನ್ ಆಗಿದೆಯೋ ಇಲ್ಲವೋ ಅಂತ ಎರಡು ಸಲ ನೋಡಿದೆ.

ಕರೆದೆ. ಏನಿಲ್ಲ. ಮತ್ತೆ ಕರೆದೆ. ಮೂರನೇ ಸಲ ಗೆಳೆಯನ ದನಿ ಬಂತು, ಮೂಗಿನಲ್ಲಿ ಮಾತಾಡಿದ ಹಾಗೆ. ಆದರೆ ಅಕ್ಷರ ಅಕ್ಷರ ಸ್ಪಷ್ಟ. 'ಐದು-ಏಳು ಬರ್ತಿದೀಯ' ಅಂದ. ಮಾತು ಪೂರ್ತಿ ಅರ್ಥ ಆಗುತ್ತಿದೆ, ಸಿಗ್ನಲ್ ಒಂಬತ್ತಕ್ಕೆ ಏಳು ಅಂತ. 'ಅಜ್ಜಂಗೆ ನಮಸ್ಕಾರ ಹೇಳು. ಸೊಂಟ ಹೇಗಿದೆಯಂತೆ?'

ಅಜ್ಜ ಸ್ಪೀಕರಿಗೆ ಬಾಯಿ ಹಚ್ಚಿ ಕೂಗಿದ, 'ಆರಾಮ ಅದೀನಪಾ!'

ಮೈಕ್ ನನ್ನ ಕೈಯಲ್ಲಿತ್ತು, ಗುಂಡಿ ಒತ್ತಿರಲಿಲ್ಲ. ಲೈಸೆನ್ಸ್ ಇಲ್ಲದವರು ಮಾತಾಡುವ ಹಾಗಿಲ್ಲ, ಬರೀ ಕೇಳಬೇಕು ಅಂತ ತಿಳಿಸಿ ಹೇಳಿದೆ. ಈ ಯೋಜನೆಯ ದೊಡ್ಡ ಬಗ್ ಇದೇ. ನಾನು ಇಲ್ಲಿದ್ದರೆ ಮಾತ್ರ ಇಲ್ಲಿಂದ ಮಾತು ಹೋಗುತ್ತೆ. ನಾನು ಇಲ್ಲಿದ್ದರೆ ರೇಡಿಯೊ ಯಾಕೆ ಬೇಕು? ಹಿರೇಕೆರೂರಿನಲ್ಲಿ ಓದುತ್ತಿರುವ ಚಿಕ್ಕಪ್ಪನ ಮಗಳು ಪರೀಕ್ಷೆ ಕಟ್ಟುತ್ತೇನೆ ಅಂದಿದ್ದಾಳೆ. ಮೋರ್ಸ್ ಬೇಡದ ಕೆಳಗಿನ ದರ್ಜೆಯದು ಸಾಕು. ಅಲ್ಲಿಯವರೆಗೆ ಆಂಟೆನಾ ಸುರುಳಿ ಸುತ್ತಿಕೊಂಡು ಅಜ್ಜನ ಕೊಡೆಯ ಪಕ್ಕದ ಮೊಳೆಗೆ ನೇತಾಡುತ್ತಿರುತ್ತೆ.

ಸಂಜೆ ಬಸ್ಸಿಗೆ ಬಿಡಲು ಬಂದ ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, 'ಆ ಪರೀಕ್ಷಾಕ್ಕ ವಯಸ್ಸು ಎಷ್ಟಿರಬೇಕು ತಮ್ಮಾ?'

'ಹನ್ನೆರಡು ತುಂಬಿರಬೇಕು ಅಜ್ಜಾ.'

'ತುಂಬ್ಯಾವ ತಗೋ.'